ಒಂದೇ ಆಕಾಶ, ಎರಡು ಆಡಳಿತ

ಎರಡು ವಿಮಾನಗಳು ಆಕಾಶದಲ್ಲಿ ತೀರಾ ಹತ್ತಿರ ಬಂದು, ಡಿಕ್ಕಿಯಾಗದೆ ದಾಟಿಹೋದರೆ ಅದು ಪತ್ರಿಕೆಯ ಮೂಲೆಯಲ್ಲಿ ಒಂದು ಸಣ್ಣ ಸುದ್ದಿಯಾಗುತ್ತದೆ. ‘ಸದ್ಯ, ಏನೂ ಆಗಲಿಲ್ಲ’ ಎಂದು ನಾವು ಪುಟ ತಿರುವುತ್ತೇವೆ. ಹಾಗೆ ಪುಟ ತಿರುವಿದ್ದರ ಬೆಲೆ ಎಷ್ಟೆಂಬುದನ್ನು ಅಮೆರಿಕ ದೇಶ 1958ರಲ್ಲಿ ತಿಳಿಯಿತು.

ಎರಡನೆಯ ಮಹಾಯುದ್ಧದ ನಂತರ ಆ ದೇಶದ ಆಕಾಶದಲ್ಲಿ ಎರಡು ಬಗೆಯ ಸಂಚಾರ ಒಟ್ಟಿಗೆ ಬೆಳೆಯಿತು. ಪ್ರಯಾಣಿಕರ ವಿಮಾನಗಳಿಗೆ ದಾರಿ ತೋರುವುದು ನಾಗರಿಕ ವಿಮಾನಯಾನ ಇಲಾಖೆಯ ಕೆಲಸ. ಸೇನಾ ವಿಮಾನಗಳ ತರಬೇತಿ ಹಾರಾಟ ಆಯಾ ವಾಯುನೆಲೆಯ ಹೊಣೆ. ಇವರ ವಿಮಾನ ಎಲ್ಲಿದೆ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಹವೆ ತಿಳಿಯಾಗಿರುವಾಗ ಡಿಕ್ಕಿ ತಪ್ಪಿಸಲು ಇದ್ದ ನಿಯಮ ಒಂದೇ: ಪೈಲಟ್ ಕಣ್ಣಾರೆ ನೋಡಿ ದೂರ ಸರಿಯಬೇಕು. ಇದು ನಿಧಾನವಾಗಿ ಹಾರುವ ವಿಮಾನಗಳ ಕಾಲದ ನಿಯಮ.

1958ರ ಏಪ್ರಿಲ್ 21ರ ಬೆಳಿಗ್ಗೆ ಯುನೈಟೆಡ್ ಸಂಸ್ಥೆಯ ಡಿಸಿ-7 ವಿಮಾನವು 47 ಜನರೊಡನೆ ಲಾಸ್ ಏಂಜಲೀಸ್‌ನಿಂದ ಹೊರಟು, ನಿಗದಿತ ವಾಯುಮಾರ್ಗದಲ್ಲಿ 21,000 ಅಡಿ ಎತ್ತರದಲ್ಲಿ ಹೋಗುತ್ತಿತ್ತು. ಲಾಸ್ ವೇಗಾಸ್ ಬಳಿಯ ನೆಲ್ಲಿಸ್ ವಾಯುನೆಲೆಯ ಎಫ್-100 ಜೆಟ್ ಮೇಲಿನಿಂದ ಇಳಿಯುತ್ತಿತ್ತು. ಅದರ ಹಿಂದಿನ ಆಸನದಲ್ಲಿದ್ದ ತರಬೇತಿ ಪೈಲಟ್ ಹೊರಗೆ ಕಾಣದಂತೆ ಪರದೆಯ ಮರೆಯಲ್ಲಿ ಕುಳಿತು, ಉಪಕರಣಗಳನ್ನಷ್ಟೇ ನೋಡಿ ಹಾರುವ ಅಭ್ಯಾಸ ಮಾಡುತ್ತಿದ್ದರು. ಎರಡೂ ವಿಮಾನಗಳು ಒಂದನ್ನೊಂದು ಸಮೀಪಿಸಿದ ವೇಗ ಗಂಟೆಗೆ ಸುಮಾರು 1,230 ಕಿಲೋಮೀಟರ್. ಎಂದರೆ, ನಡುವಿನ ಒಂದು ಕಿಲೋಮೀಟರ್ ಅಂತರ ಮೂರೇ ಸೆಕೆಂಡಿನಲ್ಲಿ ಇಲ್ಲವಾಗುತ್ತದೆ. ದೂರದಲ್ಲಿ ಚುಕ್ಕೆಯಂತೆ ಕಂಡದ್ದು ವಿಮಾನವೆಂದು ತಿಳಿದು ಪಕ್ಕಕ್ಕೆ ತಿರುಗಿಸುವಷ್ಟು ಸಮಯವೇ ಇರಲಿಲ್ಲ. ಎರಡೂ ವಿಮಾನಗಳಲ್ಲಿದ್ದ 49 ಮಂದಿಯೂ ಸತ್ತರು.

ತನಿಖಾ ವರದಿ ಪೈಲಟ್‌ಗಳ ತಲೆಗೆ ತಪ್ಪು ಕಟ್ಟಿ ಸುಮ್ಮನಾಗಲಿಲ್ಲ. ಅಪಾಯ ಮೊದಲೇ ಗೊತ್ತಿದ್ದರೂ ಅದನ್ನು ತಗ್ಗಿಸಲು ವಾಯುನೆಲೆ ಮತ್ತು ನಾಗರಿಕ ಇಲಾಖೆ ಎರಡೂ ಎಲ್ಲ ಕ್ರಮಗಳನ್ನು ಕೈಗೊಳ್ಳಲಿಲ್ಲ ಎಂದಿತು. ಆ ಭಾಗದಲ್ಲಿ ಸೇನಾ ಜೆಟ್‌ಗಳು ತೀರಾ ಸಮೀಪ ಹಾದುಹೋದ ಪ್ರಸಂಗಗಳು ಮೊದಲೂ ನಡೆದಿದ್ದವು. ಅವು ಎಚ್ಚರಿಕೆಯ ಗಂಟೆಗಳಾಗಿದ್ದರೂ ಕೇಳುವವರಿರಲಿಲ್ಲ.

ಒಂದು ತಿಂಗಳು ತುಂಬುವುದರೊಳಗೆ, ಮೇ 20ರಂದು, ಮೇರಿಲೆಂಡ್ ರಾಜ್ಯದ ಮೇಲೆ ಟಿ-33 ಜೆಟ್ ಒಂದು ವೈಕೌಂಟ್ ಪ್ರಯಾಣಿಕ ವಿಮಾನಕ್ಕೆ ಬಡಿದು 12 ಮಂದಿ ಸತ್ತರು. ಮರುದಿನವೇ ಸೆನೆಟರ್ ಮೈಕ್ ಮನ್ರೋನಿ ಹೊಸ ಮಸೂದೆ ಮಂಡಿಸಿದರು. ಆಗಸ್ಟ್ 23ರಂದು ಅಧ್ಯಕ್ಷ ಐಸೆನ್‌ಹೋವರ್ ಅದಕ್ಕೆ ಸಹಿ ಹಾಕಿದರು. ನಾಗರಿಕ ಮತ್ತು ಸೇನಾ ವಿಮಾನಗಳೆರಡೂ ಬಳಸುವ ಆಕಾಶದ ನಿರ್ವಹಣೆಯನ್ನು ಒಂದೇ ಸಂಸ್ಥೆಗೆ ವಹಿಸಲಾಯಿತು. ಇಂದು ಎಫ್.ಎ.ಎ. ಎಂದು ಹೆಸರಾದ ಸಂಸ್ಥೆ ಹುಟ್ಟಿದ್ದು ಹೀಗೆ.

ಕಾನೂನು ಬಂದ ಮಾತ್ರಕ್ಕೆ ಅಪಾಯ ಮುಗಿಯಲಿಲ್ಲ. 1971ರ ಜೂನ್ 6ರಂದು ಕ್ಯಾಲಿಫೋರ್ನಿಯದ ಬೆಟ್ಟಗಳ ಮೇಲೆ ಫ್ಯಾಂಟಮ್ ಜೆಟ್ ಮತ್ತು ಡಿಸಿ-9 ವಿಮಾನ ಡಿಕ್ಕಿಯಾಗಿ 50 ಮಂದಿ ಸತ್ತರು. ವಿಮಾನದ ಗುರುತನ್ನು ನೆಲದ ರೇಡಾರಿಗೆ ತಿಳಿಸುವ ಟ್ರಾನ್ಸ್‌ಪಾಂಡರ್ ಆ ಜೆಟ್‌ನಲ್ಲಿ ಕೆಟ್ಟಿತ್ತು. ಈಗಿನ ಪ್ರಯಾಣಿಕ ವಿಮಾನಗಳಲ್ಲಿ ಡಿಕ್ಕಿಯ ಮುನ್ಸೂಚನೆ ನೀಡುವ ಯಂತ್ರವಿದೆ. ಆದರೆ ಅದಕ್ಕೂ ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ ಉತ್ತರ ಕೊಡಬೇಕು. 2014ರ ಮಾರ್ಚ್‌ನಲ್ಲಿ ಸ್ವೀಡನ್ನಿನ ದಕ್ಷಿಣಕ್ಕೆ, ಕೋಪನ್‌ಹೇಗನ್‌ನಿಂದ ರೋಮ್‌ಗೆ ಹೊರಟಿದ್ದ ವಿಮಾನದ ಹತ್ತಿರ ರಷ್ಯದ ಸೇನಾ ವಿಮಾನವೊಂದು ಟ್ರಾನ್ಸ್‌ಪಾಂಡರ್ ಆರಿಸಿಕೊಂಡು ಬಂದಿತ್ತು. ನಡುವಿನ ಅಂತರ ಸುಮಾರು 90 ಮೀಟರ್ ಎಂದು ವರದಿಯಾಯಿತು. ಅಂದು ಆಕಾಶ ತಿಳಿಯಾಗಿದ್ದುದರಿಂದ ಪೈಲಟ್‌ನ ಕಣ್ಣೇ ಕಾಪಾಡಿತು.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. 1958ರ ಕಾನೂನಿಗೆ ಬೇಕಾಗಿದ್ದ ಕಾರಣಗಳೆಲ್ಲ ಏಪ್ರಿಲ್‌ಗೆ ಮೊದಲೇ ಇದ್ದವು. ತಪ್ಪಿಹೋದ ಡಿಕ್ಕಿಗಳನ್ನು ಅದೃಷ್ಟವೆಂದು ಬಗೆಯದೆ ಸಾಕ್ಷ್ಯವೆಂದು ಬರೆದಿಟ್ಟು ಪರಿಶೀಲಿಸಿದ್ದರೆ, ಆ ಕಾನೂನು ಅಷ್ಟು ಜೀವಗಳಿಗಾಗಿ ಕಾಯಬೇಕಾಗಿರಲಿಲ್ಲ.