ಕಲ್ಲಿದ್ದಲ ಮೇಲೊಂದು ಬಾಡಿಗೆ ಮನೆ

ಅಕ್ಕನ ಮಗಳು ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬರುತ್ತಿದ್ದಾಳೆ. ಕೆಲಸ ಸಿಕ್ಕಿದೆ, ಗಂಡನೂ ಜೊತೆಗಿದ್ದಾನೆ. "ಚಿಕ್ಕಮ್ಮ, ಬರೋಕೆ ಮುಂಚೆ ಏನೇನು ತಿಳ್ಕೊಂಡಿರ್ಬೇಕು ಹೇಳು" ಎಂದು ಕೇಳಿದಳು. ಕುಕ್ಕರ್ ತರಬೇಕೇ, ಕೋಟು ಅಲ್ಲೇ ಕೊಳ್ಳಬಹುದೇ, ಸೋನಾ ಮಸೂರಿ ಸಿಗುತ್ತದೆಯೇ ಎಂಬುದಕ್ಕೆಲ್ಲ ಫೋನಿನಲ್ಲೇ ಉತ್ತರ ಕೊಟ್ಟು ಮುಗಿಸಿದೆ. ಆದರೆ ಈ ಊರಿನಲ್ಲಿ ಮುಖ್ಯವಾದವು ಅವಳು ಕೇಳದೆ ಬಿಟ್ಟ ಪ್ರಶ್ನೆಗಳು. ಮನೆ ಎಷ್ಟು ಎತ್ತರದಲ್ಲಿದೆ? ಅದರ ಕೆಳಗೆ ಏನಿದೆ? ಬೀದಿಯ ಆಚೆ ಬದಿ ಯಾವ ಊರಿಗೆ ಸೇರುತ್ತದೆ? ಬೆಳಗಿನ ಹೊತ್ತು ಗಾಳಿ ಎತ್ತಲಿಂದ ಬೀಸುತ್ತದೆ? ಇವಕ್ಕೆ ಉತ್ತರ ಹೇಳಬೇಕೆಂದರೆ ಇನ್ನೂರೈವತ್ತು ವರ್ಷಕ್ಕೂ ಹಿಂದೆ ಹೋಗದೆ ದಾರಿಯಿಲ್ಲ.

ಉತ್ತರದಿಂದ ಅಲಿಗೆನಿ, ದಕ್ಷಿಣದಿಂದ ಮನಾಂಗಹೀಲ. ನಮ್ಮ ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರಿದ ಹಾಗೆ ಎರಡೂ ಸೇರಿ ಒಹಾಯೊ ಎಂಬ ಹೊಸ ಹೆಸರು ಹೊತ್ತು ಮಿಸಿಸಿಪ್ಪಿಯ ಕಡೆ ಹೊರಡುತ್ತವೆ. ಕೂಡ್ಲಿಯ ಸಂಗಮದಲ್ಲಿ ದೇವಸ್ಥಾನ ಎದ್ದರೆ ಇಲ್ಲಿ ಎದ್ದದ್ದು ಕೋಟೆ. ಲೆನಾಪೆ, ಶಾನಿ, ಸೆನೆಕಾ ಎಂಬ ಮೂಲನಿವಾಸಿ ಜನ ಓಡಾಡುತ್ತಿದ್ದ ನೆಲದಲ್ಲಿ 1754ರಲ್ಲಿ ಫ್ರೆಂಚರು ಡ್ಯುಕೇನ್ ಕೋಟೆ ಕಟ್ಟಿದರು. 1758ರಲ್ಲಿ ಬ್ರಿಟಿಷ್ ಜನರಲ್ ಫೋರ್ಬ್ಸ್‌ನ ಸೇನೆ ಹತ್ತಿರವಾದಾಗ ಅದನ್ನು ತಾವೇ ಸುಟ್ಟು ಹೋದರು. ಬ್ರಿಟಿಷರು ತಮ್ಮ ಮಂತ್ರಿ ವಿಲಿಯಂ ಪಿಟ್‌ನ ಹೆಸರನ್ನು ಊರಿಗಿಟ್ಟರು. ಯುದ್ಧದ ಕಥೆ ಇಷ್ಟು ಸಾಕು. ಮನೆ ಹುಡುಕುವವರಿಗೆ ಅದರಿಂದ ಪ್ರಯೋಜನವಿಲ್ಲ. ನದಿಯ ಕಥೆಯಿಂದ ಇದೆ. 1936ರ ಮಾರ್ಚ್‌ನಲ್ಲಿ ಹಿಮ ಕರಗಿ, ಅದರ ಮೇಲೆ ಮಳೆ ಸುರಿದು ಸಂಗಮದಲ್ಲಿ ನೀರು 46 ಅಡಿಯ ಮಟ್ಟಕ್ಕೆ ಏರಿತು. ಊರಿನ ನಡುಭಾಗವೇ ಮುಳುಗಿತು. ಆಮೇಲೆ ಮೇಲ್ಗಡೆ ಅಣೆಕಟ್ಟುಗಳು ಬಂದವು, ಅಂಥ ನೆರೆ ಮತ್ತೆ ಬಂದಿಲ್ಲ. ಆದರೂ ಮನಾಂಗಹೀಲದ ದಡದಲ್ಲಿ ಹೆದ್ದಾರಿಯ ಒಂದು ತಗ್ಗು ತುಂಡಿಗೆ ಜನ ಬಾತ್‌ಟಬ್ ಎಂದೇ ಹೆಸರಿಟ್ಟಿದ್ದಾರೆ. ಜೋರು ಮಳೆ ಬಿದ್ದರೆ ಅದು ತುಂಬುತ್ತದೆ, ಆವತ್ತು ಆಫೀಸಿಗೆ ಬೇರೆ ದಾರಿ ಹಿಡಿಯಬೇಕು.

ಸಂಗಮದ ಎದುರಿಗೆ ಕಡಿದಾದ ಒಂದು ಗುಡ್ಡ. ಈಗ ಮೌಂಟ್ ವಾಷಿಂಗ್ಟನ್. ಪ್ರವಾಸಿಗಳು ಹತ್ತಿ ಫೋಟೊ ತೆಗೆಯುವುದು ಅಲ್ಲಿಂದಲೇ. ಮೊದಲು ಅದರ ಹೆಸರು ಕೋಲ್ ಹಿಲ್. 1760ರ ಹೊತ್ತಿಗೇ ಕೋಟೆಯ ಸೈನಿಕರು ಅದರ ಹೊಟ್ಟೆ ಬಗೆದು ಕಲ್ಲಿದ್ದಲು ತೆಗೆಯುತ್ತಿದ್ದರು. ಭೂಮಿಯೊಳಗೆ ಆಳೆತ್ತರದ ಪದರವಾಗಿ ಮೈಲಿಗಟ್ಟಲೆ ಹಬ್ಬಿರುವ ಆ ಇದ್ದಲಿಗೇ ಪಿಟ್ಸ್‌ಬರ್ಗ್ ಸೀಮ್ ಎಂದು ಹೆಸರು. ಊರು ಊರಾದದ್ದು ಅದರಿಂದ. ಗಣಿಯವರು ನಡುವೆ ಇದ್ದಲಿನ ಕಂಬಗಳನ್ನು ಬಿಟ್ಟು ಕೋಣೆ ಕೋಣೆಯಾಗಿ ಕೊರೆಯುತ್ತಿದ್ದರು. ಎಷ್ಟೋ ಕಡೆ ಹೋಗುವಾಗ ಆ ಕಂಬಗಳನ್ನೂ ಕಿತ್ತುಕೊಂಡು ಹೋದರು. ಕಂಪನಿಗಳು ಮುಚ್ಚಿದವು, ಮೇಲೆ ಬಡಾವಣೆ ಬಂತು, ಹುಲ್ಲು ಬೆಳೆಯಿತು. ಐವತ್ತು ವರ್ಷವಾದ ಮೇಲೆ ಯಾರದೋ ಅಡುಗೆಮನೆಯ ಗೋಡೆ ಓರೆಯಾಗಿ ಬಿರಿಯುತ್ತದೆ.

ಮಾಮೂಲು ಮನೆ ವಿಮೆಯಲ್ಲಿ ಈ ಕುಸಿತಕ್ಕೆ ಬಿಡಿಗಾಸೂ ಇಲ್ಲ. ಅದಕ್ಕಾಗಿ 1961ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಸರ್ಕಾರವೇ ಗಣಿ ಕುಸಿತದ ವಿಮೆ ಆರಂಭಿಸಿತು. ಇವತ್ತಿಗೂ ನಡೆಯುತ್ತಿದೆ. ವಿಳಾಸ ಹಾಕಿದರೆ ಕೆಳಗೆ ಗಣಿ ಇದೆಯೋ ಇಲ್ಲವೋ ತೋರಿಸುವ ನಕ್ಷೆಯೂ ಇದೆ. ಬಾಡಿಗೆಯವರಿಗೆ ಇದರ ಚಿಂತೆ ಬೇಡ. ಆದರೆ ನಮ್ಮವರು ಎರಡು ವರ್ಷವಾಗುತ್ತಲೇ ಮನೆ ಕೊಳ್ಳುವ ಜಾತಿ. ಕೊಳ್ಳುವಾಗ ಶಾಲೆ ನೋಡುತ್ತಾರೆ, ವಾಸ್ತು ನೋಡುತ್ತಾರೆ, ಈಶಾನ್ಯದ ಮೂಲೆಗೆ ತಲೆ ಕೆಡಿಸಿಕೊಳ್ಳುತ್ತಾರೆ. ಈ ನಕ್ಷೆ ನೋಡುವವರು ಕಡಿಮೆ. ಊರಾಚೆಯ ಕೆಲವು ಹಳ್ಳಗಳ ಕಲ್ಲುಗಳು ಕೆಮ್ಮಣ್ಣುಗುಂಡಿಯ ಮಣ್ಣಿನ ಬಣ್ಣಕ್ಕೆ ತಿರುಗಿವೆ. ಬಿಟ್ಟುಹೋದ ಗಣಿಗಳಿಂದ ಕಬ್ಬಿಣ ಕರಗಿದ ನೀರು ಈಗಲೂ ಜಿನುಗುತ್ತಿರುವುದೇ ಅದಕ್ಕೆ ಕಾರಣ.

ಗುಡ್ಡದ ಮೇಲೆ ಮನೆ, ನದಿಯ ಪಕ್ಕದಲ್ಲಿ ಕಾರ್ಖಾನೆ. ಕಾರಿಲ್ಲದ ಕಾಲದಲ್ಲಿ ಕೆಲಸಗಾರರು ದಿನಾ ಇಳಿದು ಹತ್ತುತ್ತಿದ್ದರು. ಅದಕ್ಕೆಂದೇ 1870ರಲ್ಲಿ ಮನಾಂಗಹೀಲ ಇನ್‌ಕ್ಲೈನ್, 1877ರಲ್ಲಿ ಡ್ಯುಕೇನ್ ಇನ್‌ಕ್ಲೈನ್ ಬಂದವು. ಗುಡ್ಡದ ಮೈಮೇಲೆ ಹಗ್ಗ ಕಟ್ಟಿ ಎಳೆಯುವ ಗಾಡಿಗಳಿವು. ಇನ್ನೂ ಹಲವಿದ್ದವು, ಉಳಿದದ್ದು ಈ ಎರಡೇ. ಗಾಡಿ ಇಲ್ಲದ ಕಡೆ ಮೆಟ್ಟಿಲು. ಊರಿನಲ್ಲಿ ಏಳುನೂರಕ್ಕೂ ಹೆಚ್ಚು ಸಾರ್ವಜನಿಕ ಮೆಟ್ಟಿಲ ಸಾಲುಗಳಿವೆ. ಎಷ್ಟೋ ಸಾಲುಗಳು ನಗರದ ದಾಖಲೆಯಲ್ಲಿ ರಸ್ತೆಗಳೇ, ಅವಕ್ಕೆ ರಸ್ತೆಯ ಹೆಸರೂ ಇದೆ. ನಕ್ಷೆಯಲ್ಲಿ "ಬಸ್ ನಿಲ್ದಾಣ ಮುನ್ನೂರು ಮೀಟರ್" ಎಂದು ಕಂಡದ್ದು ಜನವರಿಯಲ್ಲಿ ಹಿಮಗಟ್ಟಿದ ನೂರಾರು ಮೆಟ್ಟಿಲಾಗಿರಬಹುದು. ಬೀಚ್‌ವ್ಯೂ ಬಡಾವಣೆಯ ಕ್ಯಾಂಟನ್ ಅವೆನ್ಯೂ ನೂರಕ್ಕೆ 37ರಷ್ಟು ಕಡಿದು. ಅಲ್ಲಿ ಕಾರು ಕಲಿಯಲು ಹೋಗಬೇಡ ಎಂದು ಮಾತ್ರ ಹೇಳಬಲ್ಲೆ.

ನಾನು ಭದ್ರಾವತಿಯವಳು. ಅಪ್ಪ ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದರು, ಮನೆಯ ಊಟದ ಹೊತ್ತೆಲ್ಲ ಅವರ ಪಾಳಿಗೆ ಸರಿಯಾಗಿ ನಡೆಯುತ್ತಿತ್ತು. ಹಾಗಾಗಿ ಇಲ್ಲಿಯ ಕುಲುಮೆಗಳ ಚರಿತ್ರೆ ನನಗೆ ಪರಕೀಯವಾಗಿ ಕಾಣಲೇ ಇಲ್ಲ. ಸಂಬಂಧವೂ ಬರೀ ನನ್ನ ಕಲ್ಪನೆಯದಲ್ಲ. ಜಮ್ಷೆಡ್‌ಜಿ ಟಾಟಾ 1902ರಲ್ಲಿ ಅಮೆರಿಕಕ್ಕೆ ಬಂದಾಗ ಸಲಹೆ ಕೇಳಿದ್ದು ಪಿಟ್ಸ್‌ಬರ್ಗಿನ ಎಂಜಿನಿಯರ್ ಜೂಲಿಯನ್ ಕೆನಡಿಯವರನ್ನು. ಉಕ್ಕಿನ ದೊರೆ ಕಾರ್ನೆಗಿಯ ಕುಲುಮೆಗಳಲ್ಲಿ ಪಳಗಿದವರು ಅವರು. ಭಾರತಕ್ಕೆ ಹೋಗಿ ನೆಲ ಪರೀಕ್ಷಿಸಲು ಅವರು ತೋರಿಸಿದ್ದು ನ್ಯೂಯಾರ್ಕಿನ ಚಾರ್ಲ್ಸ್ ಪೇಜ್ ಪೆರಿನ್‌ರನ್ನು. ಅದೇ ಪೆರಿನ್‌ರ ಸಂಸ್ಥೆ ಮುಂದೆ ಮೈಸೂರು ಸಂಸ್ಥಾನಕ್ಕೂ ಸಲಹೆ ನೀಡಿತು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಹರಿಯಿತು, ಅದೂ ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರದ ಇದ್ದಲಿನಿಂದ.

ಇಲ್ಲಿ ಕಾರ್ನೆಗಿಯ ಹೆಸರು ತಪ್ಪಿಸಿಕೊಂಡು ನಡೆಯಲಾಗದು. ವಿಶ್ವವಿದ್ಯಾಲಯ, ವಸ್ತುಸಂಗ್ರಹಾಲಯ, ಗ್ರಂಥಾಲಯ ಎಲ್ಲವೂ ಅವನದೇ. ಬ್ರಾಡಕ್‌ನಲ್ಲಿ 1875ರಲ್ಲಿ ಅವನು ಶುರು ಮಾಡಿದ ಎಡ್ಗರ್ ಥಾಮ್ಸನ್ ಕಾರ್ಖಾನೆ ಇಂದಿಗೂ ಉಕ್ಕು ಮಾಡುತ್ತದೆ. ಅದರ ಪಕ್ಕದಲ್ಲೇ 1889ರ ಗ್ರಂಥಾಲಯ. ಅದರ ನೆಲಮಾಳಿಗೆಯಲ್ಲಿ ಸ್ನಾನದ ಮನೆ ಇತ್ತು, ಮಸಿ ಮೆತ್ತಿದ ಮೈ ತೊಳೆದುಕೊಂಡು ಮೇಲೆ ಹತ್ತಿ ಪುಸ್ತಕ ಹಿಡಿಯಬಹುದಿತ್ತು. ಮೆಚ್ಚುವಂಥದ್ದೇ. ಆದರೆ ಹನ್ನೆರಡು ಗಂಟೆಯ ಪಾಳಿ ಮುಗಿಸಿದವನು ಯಾವ ಪುಸ್ತಕ ಹಿಡಿದಾನು? ಎರಡು ವಾರಕ್ಕೊಮ್ಮೆ ಪಾಳಿ ಬದಲಾಗುವಾಗ ಇಪ್ಪತ್ನಾಲ್ಕು ಗಂಟೆ ಒಂದೇ ಸಮ ದುಡಿಯಬೇಕಿತ್ತು. 1892ರ ಜುಲೈ 6ರಂದು ಹೋಮ್‌ಸ್ಟೆಡ್ ಕಾರ್ಖಾನೆಯ ಮುಷ್ಕರ ಮುರಿಯಲು ವ್ಯವಸ್ಥಾಪಕ ಹೆನ್ರಿ ಫ್ರಿಕ್ ಪಿಂಕರ್ಟನ್ ಕಂಪನಿಯ ಸುಮಾರು ಮುನ್ನೂರು ಬಂದೂಕುಧಾರಿಗಳನ್ನು ದೋಣಿಗಳಲ್ಲಿ ತರಿಸಿದ. ಎರಡೂ ಕಡೆ ಸೇರಿ ಹತ್ತು ಜನರಾದರೂ ಸತ್ತರು. ಒಡೆಯ ಆಗ ಸ್ಕಾಟ್ಲೆಂಡಿನಲ್ಲಿದ್ದ. ಸಂಘ ಮುರಿದುಬಿತ್ತು, ಹನ್ನೆರಡು ಗಂಟೆಯ ಪಾಳಿ 1923ರವರೆಗೂ ಉಳಿಯಿತು. ಆ ಗ್ರಂಥಾಲಯಗಳಿಂದ ನಾನೂ ಪುಸ್ತಕ ತರುತ್ತೇನೆ. ಪುಸ್ತಕಕ್ಕೆ ದುಡ್ಡು ಕೊಟ್ಟವರು ಕಾರ್ನೆಗಿ ಒಬ್ಬನೇ ಅಲ್ಲ ಎಂಬುದನ್ನು ಮರೆಯುವುದಿಲ್ಲ.

ಈಗ ಹೋಮ್‌ಸ್ಟೆಡ್‌ನಲ್ಲಿ ಕಾರ್ಖಾನೆಯಿಲ್ಲ. 1986ರಲ್ಲಿ ಮುಚ್ಚಿತು. ಆ ಜಾಗದಲ್ಲಿ ವಾಟರ್‌ಫ್ರಂಟ್ ಎಂಬ ಮಾರುಕಟ್ಟೆ ಎದ್ದಿದೆ, ಸಿನಿಮಾ ಮಂದಿರದ ಪಕ್ಕದಲ್ಲಿ ಇಟ್ಟಿಗೆಯ ಹನ್ನೆರಡು ಚಿಮಣಿಗಳನ್ನು ಮಾತ್ರ ನಿಲ್ಲಿಸಿಕೊಂಡಿದ್ದಾರೆ.

ಹೊಗೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1940ರ ದಶಕದ ಫೋಟೊಗಳಲ್ಲಿ ಮಟಮಟ ಮಧ್ಯಾಹ್ನ ಬೀದಿದೀಪ ಉರಿಯುತ್ತಿರುತ್ತವೆ. ಆಫೀಸಿನವರು ಇನ್ನೊಂದು ಬಿಳಿ ಅಂಗಿ ಜೊತೆಗೆ ಒಯ್ಯುತ್ತಿದ್ದರು, ಮಧ್ಯಾಹ್ನಕ್ಕೆ ಮೊದಲನೆಯದರ ಕಾಲರು ಕಪ್ಪಾಗಿರುತ್ತಿತ್ತು. ಇದಕ್ಕೆ ಕಾರ್ಖಾನೆಯಷ್ಟೇ ಮನೆಮನೆಯ ಒಲೆಯೂ ಕಾರಣ: ಅಗ್ಗದ ಇದ್ದಲು ಎಲ್ಲರ ನೆಲಮಾಳಿಗೆಯಲ್ಲೂ ಉರಿಯುತ್ತಿತ್ತು. 1941ರಲ್ಲಿ ಹೊಗೆ ತಡೆಯುವ ಕಾನೂನು ಬಂತು, ಯುದ್ಧ ಬಂದು ಅದು ಪಕ್ಕಕ್ಕೆ ಸರಿಯಿತು. 1946ರಲ್ಲಿ ಮೇಯರ್ ಆದ ಡೇವಿಡ್ ಲಾರೆನ್ಸ್ ಮೊದಲು ಕಾರ್ಖಾನೆಗಳಿಗೆ, 1947ರಿಂದ ಮನೆಗಳಿಗೂ ಅದನ್ನು ಹಾಕಿದ. ಬಡವರ ಒಲೆಗೆ ಕೈ ಹಾಕಿದ ಎಂಬ ಸಿಟ್ಟೂ ಇತ್ತು. ಅದೇ ಹೊತ್ತಿಗೆ ಕೊಳವೆಯಲ್ಲಿ ನೈಸರ್ಗಿಕ ಅನಿಲ ಬಂತು, ರೈಲುಗಳು ಡೀಸೆಲ್‌ಗೆ ತಿರುಗಿದವು. ಕೆಲವೇ ಚಳಿಗಾಲದಲ್ಲಿ ಆಕಾಶ ಕಂಡಿತು.

ಕಣಿವೆ ಮಾತ್ರ ಬದಲಾಗಲಿಲ್ಲ. ರಾತ್ರಿ ತಣ್ಣನೆಯ ಗಾಳಿ ಕೆಳಗೆ ಕೂತರೆ ಮೇಲಿನ ಬಿಸಿಗಾಳಿ ಮುಚ್ಚಳ ಹಾಕುತ್ತದೆ, ಹೊಗೆ ಒಳಗೇ ಉಳಿಯುತ್ತದೆ. 1948ರ ಅಕ್ಟೋಬರ್ ಕೊನೆಯಲ್ಲಿ ಮನಾಂಗಹೀಲದ ಮೇಲ್ಗಡೆಯ ಡೊನೊರಾ ಎಂಬ ಊರಿನಲ್ಲಿ ಹೀಗೇ ಆಗಿ, ಸತು ಮತ್ತು ಉಕ್ಕಿನ ಕಾರ್ಖಾನೆಗಳ ಹೊಗೆಯಲ್ಲಿ 20 ಜನ ಸತ್ತರು. ಅಮೆರಿಕದ ಗಾಳಿ ಕಾನೂನುಗಳ ಹಿಂದೆ ಆ ಸಾವುಗಳಿವೆ. ಇಂದಿಗೂ ಅದೇ ನದಿಯ ದಡದ ಕ್ಲೇರ್ಟನ್‌ನಲ್ಲಿ ಕಲ್ಲಿದ್ದಲನ್ನು ಬೇಯಿಸಿ ಕೋಕ್ ಮಾಡುವ ದೊಡ್ಡ ಕಾರ್ಖಾನೆ ನಡೆಯುತ್ತಿದೆ. ಶರತ್ಕಾಲದ ಕೆಲವು ಬೆಳಗು ಕೊಳೆತ ಮೊಟ್ಟೆಯ ವಾಸನೆಗೆ ಎಚ್ಚರವಾಗುತ್ತದೆ. ಅಂಥ ದಿನ ಕಿಟಕಿ ತೆರೆಯಬಾರದು. ಅಕ್ಕನ ಮಗಳ ಗಂಡನಿಗೆ ಉಬ್ಬಸವಿದೆ. ಆ ನದಿಯ ಕಣಿವೆಯಲ್ಲಿ ಬಾಡಿಗೆ ಎಷ್ಟೇ ಕಡಿಮೆಯಿರಲಿ, ಬೇಡ ಎಂದೇ ಹೇಳಿದ್ದೇನೆ.

ಹೊಗೆ ತೊಳೆದ ಅದೇ ಆಡಳಿತ ಊರನ್ನೂ "ತೊಳೆಯಲು" ಹೊರಟಿತು. ನಡುಪಟ್ಟಣದ ಪಕ್ಕದ ಹಿಲ್ ಡಿಸ್ಟ್ರಿಕ್ಟ್ ಕಪ್ಪು ಜನರ ಬಡಾವಣೆ, ಜಾಜ್ ಸಂಗೀತಕ್ಕೆ ಹೆಸರಾದದ್ದು. 1956ರಿಂದ ಅದರ ಕೆಳಭಾಗವನ್ನು ಕೆಡವಿ ಸುಮಾರು 8,000 ಜನರನ್ನು ಎಬ್ಬಿಸಿ ಕ್ರೀಡಾಂಗಣ ಕಟ್ಟಿದರು. ಐವತ್ತು ವರ್ಷದ ಮೇಲೆ ಆ ಕ್ರೀಡಾಂಗಣವನ್ನೂ ಕೆಡವಿದರು. ನಾಟಕಕಾರ ಆಗಸ್ಟ್ ವಿಲ್ಸನ್ ಹಿಲ್ ಡಿಸ್ಟ್ರಿಕ್ಟ್‌ನಲ್ಲೇ ಹುಟ್ಟಿದವರು. ಅವರ ಹತ್ತು ನಾಟಕಗಳ ಮಾಲೆಯಲ್ಲಿ ಒಂಬತ್ತು ಆ ಬಡಾವಣೆಯಲ್ಲೇ ನಡೆಯುತ್ತವೆ. ಮನೆ ತೋರಿಸುವವರು ಯಾವುದೋ ಬೀದಿಯನ್ನು "ಅಷ್ಟು ಒಳ್ಳೆಯದಲ್ಲ" ಎಂದಾಗ ಅದು ಹೇಗೆ ಹಾಗಾಯಿತು ಎಂಬುದು ಗೊತ್ತಿರಲಿ.

ಇನ್ನು ಗಡಿಯ ವಿಷಯ. ಪಿಟ್ಸ್‌ಬರ್ಗ್ ಇರುವ ಅಲಿಗೆನಿ ಕೌಂಟಿಯಲ್ಲಿ 130 ಸ್ಥಳೀಯ ಆಡಳಿತಗಳಿವೆ. ನಮ್ಮ ಕಾರ್ಖಾನೆ, ನಮ್ಮ ಗುಡ್ಡ, ನಮ್ಮ ಊರು ಎಂದು ಒಂದೊಂದೂ ಬೇರೆಯಾಗಿ ನಿಂತದ್ದು. ನದಿಯ ಉತ್ತರ ದಡದ ಅಲಿಗೆನಿ ಸಿಟಿಯೂ ಹಾಗೆ ಸ್ವತಂತ್ರವಾಗಿತ್ತು. ಅದನ್ನು ನುಂಗಲು ಎರಡೂ ಊರಿನ ಮತಗಳನ್ನು ಒಟ್ಟುಗೂಡಿಸಿ ಎಣಿಸುವ ಕಾನೂನು ಮಾಡಿದರು. ಅಲಿಗೆನಿಯವರು ಬೇಡವೆಂದೇ ಮತ ಹಾಕಿದರು, ಪಿಟ್ಸ್‌ಬರ್ಗಿನ ಮತಗಳ ಕೆಳಗೆ ಅದು ಮುಳುಗಿತು. ಸುಪ್ರೀಂ ಕೋರ್ಟ್ ಕೂಡ 1907ರಲ್ಲಿ ಅದನ್ನು ಎತ್ತಿಹಿಡಿಯಿತು. ಸುತ್ತಲ ಊರುಗಳು ನೋಡಿ ಕಲಿತವು. ಒಳಗೆ ಬರಲು ಒಪ್ಪಿದವು ಬೆರಳೆಣಿಕೆ. ಅದರ ಫಲ ಸಂಬಳದ ಚೀಟಿಯಲ್ಲಿ ಕಾಣುತ್ತದೆ. ನಗರದೊಳಗಿದ್ದರೆ ದುಡಿಮೆಯ ಮೇಲೆ ಸ್ಥಳೀಯ ತೆರಿಗೆ ನೂರಕ್ಕೆ 3, ಸುತ್ತಲ ಹಲವು ಊರುಗಳಲ್ಲಿ 1. ಬೀದಿ ದಾಟಿದರೆ ಶಾಲೆ ಬೇರೆ, ಪೊಲೀಸರೂ ಬೇರೆ ಇರಬಹುದು. ಅಂಚೆ ವಿಳಾಸದಲ್ಲಿ ಪಿಟ್ಸ್‌ಬರ್ಗ್ ಎಂದಿದ್ದ ಮಾತ್ರಕ್ಕೆ ಮನೆ ಪಿಟ್ಸ್‌ಬರ್ಗಿನಲ್ಲಿದೆ ಎಂದು ನಂಬಬಾರದು.

ನಮ್ಮವರು ಬಂದದ್ದು 1965ರ ವಲಸೆ ಕಾನೂನಿನ ನಂತರ. ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರುಗಳು, ಆಸ್ಪತ್ರೆಗಳ ವೈದ್ಯರು ಪೂರ್ವದ ಹೊರವಲಯದಲ್ಲಿ ನೆಲೆಸಿದರು. ಪೆನ್ ಹಿಲ್ಸ್‌ನ ಗುಡ್ಡದ ಮೇಲೆ 1977ರಲ್ಲಿ ವೆಂಕಟೇಶ್ವರನ ಪ್ರತಿಷ್ಠೆಯಾಯಿತು. ಅಮೆರಿಕದಲ್ಲಿ ಗೋಪುರವಿಟ್ಟು ಕಟ್ಟಿದ ಮೊದಮೊದಲ ದೇವಸ್ಥಾನಗಳಲ್ಲಿ ಅದೂ ಒಂದು. ದೂರದ ರಾಜ್ಯಗಳಿಂದ ಜನ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬರುತ್ತಿದ್ದರು. ಅಲ್ಲಿಯ ಪುಳಿಯೋಗರೆಯ ಬಗ್ಗೆ ನಾನು ಹೇಳಬೇಕಿಲ್ಲ, ಬಂದ ವಾರವೇ ಅವಳಿಗೆ ಗೊತ್ತಾಗುತ್ತದೆ.

ನಮ್ಮವರು ಬರುತ್ತಿದ್ದಾಗಲೇ ಇಲ್ಲಿಯವರು ಹೊರಡುತ್ತಿದ್ದರು. 1950ರಲ್ಲಿ 6,76,806 ಇದ್ದ ಜನಸಂಖ್ಯೆ 2020ರಲ್ಲಿ 3,02,971. ಎಂಬತ್ತರ ದಶಕದಲ್ಲಿ ಉಕ್ಕು ಕುಸಿದಾಗ ಎಳೆಯರು ಕೆಲಸ ಹುಡುಕಿ ಗುಳೆ ಹೋದರು. ಭದ್ರಾವತಿಯ ಕಾರ್ಖಾನೆ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಊರಿನಿಂದ ಬಂದ ಫೋನುಗಳಲ್ಲಿ ಕೇಳಿದ ಮಾತೆಲ್ಲ ಇಲ್ಲಿಯ ಮುದುಕರ ಬಾಯಲ್ಲಿ ಮೊದಲೇ ಕೇಳಿದ್ದೆ. ಊರನ್ನು ಉಳಿಸಿದ್ದು ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯಗಳು. ಅಕ್ಕನ ಮಗಳ ಕೆಲಸವೂ ಅದರ ಕೊನೆಯ ಕೊಂಡಿ.

ಜನ ಬಿಟ್ಟು ಹೊರಟ ಊರಿನಲ್ಲಿ ಹೊಸ ಮನೆಗಳನ್ನು ಹೆಚ್ಚು ಕಟ್ಟಲಿಲ್ಲವಾದ್ದರಿಂದ ಇಲ್ಲಿ ಹೆಚ್ಚಾಗಿ ಸಿಗುವುದು ನೂರು ವರ್ಷದ ಮನೆ. ನೆಲಮಾಳಿಗೆಯಲ್ಲಿ ಗೋಡೆಯೂ ಇಲ್ಲದ ಒಂಟಿ ಕಮೋಡ್ ಕಂಡರೆ ಗಾಬರಿ ಬೇಡ, ಹಳೆಯ ಮನೆಗಳಲ್ಲಿ ಅದು ಮಾಮೂಲು. ನೀರಿನ ಪೈಪು ಸೀಸದ್ದೇ ಎಂದು ಕೇಳಬೇಕು. 2016ರಲ್ಲಿ ನಗರದ ನೀರಿನಲ್ಲಿ ಸೀಸ ಮಿತಿ ಮೀರಿದ ಮೇಲೆ ಸಾವಿರಾರು ಪೈಪು ಬದಲಿಸಿದ್ದಾರೆ. ನೆಲದಿಂದ ಜಿನುಗುವ ವಿಕಿರಣಶೀಲ ಅನಿಲವಾದ ರೇಡಾನ್‌ಗಾಗಿ ನೆಲಮಾಳಿಗೆಯಲ್ಲಿ ಪರೀಕ್ಷೆ ಮಾಡಿಸಬೇಕು.

ಎಷ್ಟೋ ಹಳೆಯ ಮನೆಗಳಿಗೆ ಗ್ಯಾರೇಜ್ ಇರುವುದಿಲ್ಲ. ಅವುಗಳ ಬೀದಿಗಳು ನಡೆದು ಹೋಗುವವರಿಗಾಗಿ ಹುಟ್ಟಿದವು. ಹಿಮ ಬಿದ್ದ ದಿನ ಬೆವರು ಸುರಿಸಿ ಕಾರಿನ ಜಾಗ ಗೋರಿ ತೆಗೆದವರು ಹೊರಡುವಾಗ ಅಲ್ಲೊಂದು ಹಳೆಯ ಕುರ್ಚಿ ಇಟ್ಟು ಹೋಗುತ್ತಾರೆ. ಕಾನೂನಿನಲ್ಲಿ ಆ ಕುರ್ಚಿಗೆ ಬೆಲೆಯಿಲ್ಲ, ಬೀದಿಯಲ್ಲಿ ಇದೆ. ಅದನ್ನು ಸರಿಸಬೇಡ ಎಂದು ಅವಳಿಗೆ ಹೇಳಿಯಾಗಿದೆ. ಕಾರು ಓಡಿಸುವವನು ಅವಳ ಗಂಡ, ಅವನಿಗೂ ಒಂದು ಫೋನು ಮಾಡಬೇಕು.