ನಾಯಕರ ಅಂಕಿತ: ಏಳನೆಯ ಒಪ್ಪಂದದ ಪತ್ರ
ಬೋ ನದೀತೀರ, ಕೆನಡಾ, 1877

ಬೋ ನದಿಯನ್ನು ಹಾಯುವ ಬ್ಲ್ಯಾಕ್‌ಫುಟ್ ಕ್ರಾಸಿಂಗ್ ಎಂಬೆಡೆಯಲ್ಲಿ, 1877ರ ಸೆಪ್ಟೆಂಬರ್ 22ರಂದು, ಸಿಕ್ಸಿಕಾ, ಕೈನಾಯ್, ಪಿಕಾನಿ, ತ್ಸೂಟಿನಾ, ಸ್ಟೋನಿ ನಕೋಡಾ ಎಂಬ ಐದು ಮೂಲನಿವಾಸಿ ಜನಾಂಗಗಳ ನಾಯಕರು ಬ್ರಿಟಿಷ್ ರಾಜಪ್ರಭುತ್ವದೊಡನೆ ಮಾಡಿಕೊಂಡ ಒಪ್ಪಂದವಿದು. ಪ್ರಭುತ್ವದ ಪರವಾಗಿ ನಿಂತವರು ಇಬ್ಬರು: ಲೆಫ್ಟಿನೆಂಟ್ ಗವರ್ನರ್ ಡೇವಿಡ್ ಲೇರ್ಡ್ ಮತ್ತು 1873ರಲ್ಲಿ ಸ್ಥಾಪಿತವಾದ ನಾರ್ತ್‌ವೆಸ್ಟ್ ಮೌಂಟೆಡ್ ಪೊಲೀಸ್ ಎಂಬ ಅಶ್ವಾರೋಹಿ ದಳದ ಮುಖ್ಯಾಧಿಕಾರಿ ಜೇಮ್ಸ್ ಮೆಕ್ಲೌಡ್.

ಪತ್ರದ ಅಂತ್ಯದಲ್ಲಿ ನಾಯಕರ ಹೆಸರುಗಳನ್ನು ಅನ್ಯಲಿಪಿಯಲ್ಲಿ ಬರೆದು, ಒಂದೊಂದರ ಬಳಿಯಲ್ಲಿಯೂ ಅವರವರ ಗುರುತೆಂದು ಗುಣಾಕಾರ ಚಿಹ್ನೆಯಂಥ ಸಣ್ಣ ಅಡ್ಡಗೀಟುಗಳನ್ನು ಎಳೆಯಲಾಗಿದೆ; ಸಿಕ್ಸಿಕಾ ಜನರ ಮಹಾನಾಯಕ ಕ್ರೋಫುಟ್‌ನ ಅಂಕಿತವೂ ಇಂಥದೇ.

ಒಪ್ಪಂದದಂತೆ ಪ್ರಭುತ್ವವು ಕೊಡಬೇಕಾದುದು ಇಷ್ಟು: ನಾಯಕನಿಗೆ ವರ್ಷಕ್ಕೆ 25 ಡಾಲರ್, ಉಪನಾಯಕನಿಗೆ 15, ಉಳಿದವರಿಗೆ ತಲೆಗೆ 5; ನಾಯಕನಿಗೆ ಇದರ ಮೇಲೆ ಒಂದು ಪದಕ, ಒಂದು ಧ್ವಜ, ಮೂರು ವರ್ಷಕ್ಕೊಮ್ಮೆ ಉಡುಪು. ಇವುಗಳೊಡನೆ ಒಂದು ಹೊಣೆಯೂ ಬಂದಿತು: ಒಪ್ಪಂದವನ್ನು ಮೀರಿದ ಸ್ವಜನರನ್ನು ನ್ಯಾಯಕ್ಕೊಪ್ಪಿಸಲು ಅಧಿಕಾರಿಗಳಿಗೆ ನೆರವಾಗುವುದು.

ಪತ್ರದ ಅಕ್ಷರಗಳು ಭೂಮಿಯನ್ನು ಬಿಟ್ಟುಕೊಟ್ಟಂತೆ ನುಡಿಯುತ್ತವೆಯಾದರೂ, ಆ ಜನಾಂಗಗಳ ಹಿರಿಯರು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಸ್ಮೃತಿಯಲ್ಲಿ ಇದು ಭೂದಾನವಲ್ಲ, ಶಾಂತಿಯ ಒಡಂಬಡಿಕೆ.