ತೆರಿಗೆ ಮುಂಗಡ ತೀರ್ಪುಗಳ ಪ್ರಕಟಣೆ (ಭಾರತ)

ತನ್ನ ಸರಕಿಗೆ ಯಾವ ದರದ ತೆರಿಗೆ ಬೀಳುತ್ತದೆ ಎಂದು ಕೇಳಿದ ವರ್ತಕನಿಗೆ ಸರ್ಕಾರಿ ಪ್ರಾಧಿಕಾರ ಬರಹದಲ್ಲಿ ಕೊಡುವ ಉತ್ತರವೇ ಮುಂಗಡ ತೀರ್ಪು. ಲೆಕ್ಕಪರಿಶೋಧಕರ ಬಾಯಲ್ಲಿ ಇದು ‘ಎಎಆರ್ ಆರ್ಡರ್’, ಅಂದರೆ ಮುಂಗಡ ತೀರ್ಪು ಪ್ರಾಧಿಕಾರದ ಆದೇಶ. ಇದನ್ನು ಇಲಾಖೆಯ ಸುತ್ತೋಲೆಯೆಂದೋ ನ್ಯಾಯಾಲಯದ ತೀರ್ಪೆಂದೋ ತಿಳಿಯುವವರು ಬಹಳ. ಅರ್ಜಿ ಹಾಕಿದವರನ್ನೂ ಅವರ ವ್ಯಾಪ್ತಿಯ ಅಧಿಕಾರಿಯನ್ನೂ ಬಿಟ್ಟರೆ ಇದು ಬೇರೆ ಯಾರನ್ನೂ ಕಟ್ಟಿಹಾಕುವುದಿಲ್ಲ.

ಆದಾಯ ತೆರಿಗೆಯಲ್ಲಿ ಈ ಏರ್ಪಾಡು 1993ರಲ್ಲಿ, ಮುಖ್ಯವಾಗಿ ಅನಿವಾಸಿಗಳಿಗಾಗಿ ಬಂತು. 2021ರಲ್ಲಿ ಅಲ್ಲಿನ ಪ್ರಾಧಿಕಾರದ ಜಾಗಕ್ಕೆ ಮುಂಗಡ ತೀರ್ಪು ಮಂಡಳಿ ಬಂತು. ಕರ್ನಾಟಕದ 2003ರ ಮೌಲ್ಯವರ್ಧಿತ ತೆರಿಗೆ ಕಾಯ್ದೆಯ 60ನೇ ಸೆಕ್ಷನ್ನಿನಲ್ಲೂ ಇಂಥ ಪ್ರಾಧಿಕಾರಕ್ಕೆ ಅವಕಾಶವಿತ್ತು.

ನಿಜವಾದ ತಿರುವು 2017ರ ಜುಲೈ 1ರಂದು ಜಾರಿಯಾದ ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ). ರಾಜ್ಯಕ್ಕೊಂದು ಪ್ರಾಧಿಕಾರ, ಅದರಲ್ಲಿ ಕೇಂದ್ರದ ಒಬ್ಬ, ರಾಜ್ಯದ ಒಬ್ಬ ಅಧಿಕಾರಿ. ಆದೇಶಗಳು ಜಿಎಸ್‌ಟಿ ಮಂಡಳಿಯ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಸಿಗತೊಡಗಿದವು. ಸಣ್ಣ ಊರಿನ ಅಂಗಡಿಯವರೂ ಕಾಸು ಕೊಡದೆ ಮೂಲಪಾಠ ಓದಬಹುದಾದದ್ದು ದೊಡ್ಡ ಮಾತು.

ಮೂಲಪಾಠವನ್ನೇ ಏಕೆ ಓದಬೇಕು ಎಂಬುದಕ್ಕೆ ಪರೋಟ ಪ್ರಕರಣ ಒಳ್ಳೆಯ ನಿದರ್ಶನ. 2020ರ ಮೇ ತಿಂಗಳಲ್ಲಿ ಕರ್ನಾಟಕದ ಪ್ರಾಧಿಕಾರವು ಪೊಟ್ಟಣದ ಪರೋಟಕ್ಕೆ ಶೇ 18 ತೆರಿಗೆ ಎಂದಿತು. ಪರೋಟ ರೊಟ್ಟಿಯಲ್ಲವಂತೆ ಎಂಬ ಸುದ್ದಿ ದೇಶವೆಲ್ಲ ಹರಡಿತು. ಆದೇಶದೊಳಗಿನ ಚರ್ಚೆ ತೆರಿಗೆ ಪಟ್ಟಿಯಲ್ಲಿ ಸರಕಿಗೆ ಬೀಳುವ ಶೀರ್ಷಿಕೆ ಸಂಖ್ಯೆಯದು: 1905 ತಿನ್ನಲು ಸಿದ್ಧವಾದ ಪದಾರ್ಥಗಳಿಗೆ, ಪೊಟ್ಟಣದ ಪರೋಟವನ್ನು ತಿನ್ನುವ ಮೊದಲು ಬಿಸಿ ಮಾಡಬೇಕು, ಆದ್ದರಿಂದ ಅದು 2106ಕ್ಕೆ ಸೇರುತ್ತದೆ. ಖಾಖ್ರಾ, ಸಾದಾ ಚಪಾತಿ, ರೊಟ್ಟಿಗಳಿಗೆ ಮಾತ್ರ ಇದ್ದ ಶೇ 5ರ ರಿಯಾಯಿತಿ ಅದಕ್ಕೆ ದಕ್ಕಲಿಲ್ಲ.

ಹಲವು ಬರಹಗಳು ಕಥೆಯನ್ನು ಇಲ್ಲಿಗೇ ಮುಗಿಸುತ್ತವೆ. ಆದರೆ ರಾಜ್ಯದ ಮೇಲ್ಮನವಿ ಪ್ರಾಧಿಕಾರವು ಆ ಆದೇಶವನ್ನು ಮೊದಲಿನಿಂದಲೇ ಅಸಿಂಧು ಎಂದು ಸಾರಿತು. ಕಾರಣ ಪರೋಟದ ಗುಣವಲ್ಲ. ಅದೇ ವಿಷಯದಲ್ಲಿ ತನಿಖೆ ಬಾಕಿಯಿದ್ದ ಸಂಗತಿ ಅರ್ಜಿಯಲ್ಲಿ ಬಂದಿರಲಿಲ್ಲ. ಜಿಎಸ್‌ಟಿ ಮಂಡಳಿಯ ಜಾಲತಾಣದಲ್ಲಿ ಮೊದಲ ಹಂತದ ಆದೇಶಗಳದ್ದೊಂದು ಪಟ್ಟಿ, ಮೇಲ್ಮನವಿಯದ್ದು ಇನ್ನೊಂದು. ಮೊದಲನೆಯದನ್ನಷ್ಟೇ ನೋಡಿದವರು ಬಿದ್ದುಹೋದ ಆದೇಶವನ್ನೇ ಆಧಾರವಾಗಿ ಹಿಡಿದಾರು.

2024ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಮಲಬಾರ್ ಪರೋಟಕ್ಕೆ ಶೇ 5 ಎಂದಿತು. 2025ರ ಸೆಪ್ಟೆಂಬರ್ 22ರಿಂದ ಚಪಾತಿ, ರೊಟ್ಟಿ, ಪರೋಟಗಳಿಗೆಲ್ಲ ತೆರಿಗೆಯೇ ಇಲ್ಲ. ಹಿಂದಿನ ವರ್ಷಗಳ ಲೆಕ್ಕ ಇತ್ಯರ್ಥವಾಗದ ವರ್ತಕರಿಗೆ ಮಾತ್ರ ಆ ಎರಡು ಪಟ್ಟಿಗಳ ಕೆಲಸ ಇನ್ನೂ ಉಳಿದಿದೆ.